ನೋಯುವುದೂ ಇಲ್ಲ, ಮಾಯುವುದೂ ಇಲ್ಲ: ಅಪ್ಪನ ಕಾಲಿನ ಗಾಯಕ್ಕೂ ನರಕ್ಕೂ ಏನು ಸಂಬಂಧ?

ಕಾಪು ಕಡಲು (ಥಾಣೆ)

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ 67 ವರ್ಷ. ಮುಂಬೈ ಫೋರ್ಟಿನ ಒಂದು ಹೋಟೆಲಿನಲ್ಲಿ 38 ವರ್ಷ ದೋಸೆ ಕಾವಲಿಯ ಎದುರು ನಿಂತವರು. ಸಕ್ಕರೆ ಕಾಯಿಲೆ ಶುರುವಾಗಿ 16 ವರ್ಷ ಆಯ್ತು. ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ, ಆಣಿಯ ಥರ ಚರ್ಮ ದಪ್ಪ ಆಗಿತ್ತು. ಅದರ ಅಡಿಯಲ್ಲಿ ಗಾಯ ಉಂಟು ಅಂತ ನಮಗೆ ಗೊತ್ತಾದದ್ದು ಒರಸಿದ ನೆಲದ ಮೇಲೆ ಕಲೆ ಬಿದ್ದಾಗ. ಅಪ್ಪನಿಗೆ ಏನೂ ನೋವಿಲ್ಲ. ಮೂರು ತಿಂಗಳಾಯ್ತು, ಡ್ರೆಸ್ಸಿಂಗ್ ನಡೀತಾ ಇದೆ, ಗಾಯ ಹಾಗೇ ಇದೆ.

ಹೋದ ವಾರ ಡಾಕ್ಟರು ನೈಲಾನ್ ಎಳೆಯಿಂದ ಕಾಲು ಪರೀಕ್ಷೆ ಮಾಡಿದ್ರು. ಅಪ್ಪನಿಗೆ ಕಣ್ಣು ಮುಚ್ಚಲು ಹೇಳಿ, ಮುಟ್ಟಿದಾಗೆಲ್ಲ ಹೂಂ ಅನ್ನಿ ಅಂದ್ರು. ಎಳೆ ಬಾಗುವಷ್ಟು ಒತ್ತುವುದು ನನಗೆ ಕಾಣ್ತಿತ್ತು. ಅಂಗಾಲಿನ ಎಲ್ಲಾ ಕಡೆ ಒತ್ತಿ ಮುಗಿದ ಮೇಲೆ ಅಪ್ಪ ಕೇಳಿದ್ರು, "ಶುರು ಮಾಡ್ಲಿಕ್ಕೆ ಇನ್ನೂ ಹೊತ್ತುಂಟಾ ಡಾಕ್ಟ್ರೇ?" ನನಗೆ ಅಲ್ಲೇ ಅಳು ಬಂತು.

ಡಾಕ್ಟರು ಹೇಳಿದ್ದು, "ನರ ಹೋಗಿದೆ, ಅದಕ್ಕೇ ಮಾಯ್ತಾ ಇಲ್ಲ." ಸಕ್ಕರೆ ಜಾಸ್ತಿಯಾದ್ರೆ ಗಾಯ ಬೇಗ ಮಾಯುವುದಿಲ್ಲ ಅನ್ನುವುದು ಗೊತ್ತು, ರಕ್ತ ಸರಿ ಹರಿಯದಿದ್ದರೂ ಗೊತ್ತು. ಆದ್ರೆ ನರ ಇರುವುದು ನೋವು ತಿಳಿಯಲಿಕ್ಕೆ ಅಲ್ವಾ? ಚರ್ಮ ಬೆಳೆಯುವುದಕ್ಕೂ ಅದಕ್ಕೂ ಏನು ಸಂಬಂಧ? ಹಚ್ಚಲಿಕ್ಕೆ ಒಂದು ಜೆಲ್ ಕೊಟ್ಟಿದ್ದಾರೆ, ಅದರ ಮೇಲೆ ಈಜಿಎಫ್ ಅಂತ ಬರೆದಿದೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಭಾಂಡುಪ್ ಭಾವ

ಅಕ್ಕಾ, ನಮ್ಮ ಅಜ್ಜಿ ಹಳದಿ, ತೆಂಗಿನೆಣ್ಣೆ ಬಿಸಿ ಮಾಡಿ ಹಾಕ್ತಿದ್ರು. ಎಂಥ ಗಾಯವೂ ವಾರದಲ್ಲಿ ಒಣಗ್ತಿತ್ತು. ರಾತ್ರಿ ಬಿಸಿ ನೀರಲ್ಲಿ ಕಾಲು ಇಡಿಸಿ ನೋಡಿ.

ಮಡಗಾಂವ್ ಸಿಸ್ಟರ್ (ಗೋವಾ)

ತಮ್ಮಾ, ನೀ ಕಾಳಜಿಯಿಂದ ಹೇಳೀದಿ, ಖರೆ. ಆದ್ರ ಬಿಸಿ ನೀರು ಮಾತ್ರ ಬ್ಯಾಡ. ಕಾಲಿಗೆ ಅರಿವಿಲ್ಲದವರಿಗೆ ನೀರು ಎಷ್ಟು ಸುಡತೈತಿ ಅಂತ ತಿಳಿಯೂದಿಲ್ಲ. ಹಂಗ ಬಕೀಟಿನ್ಯಾಗ ಕಾಲಿಟ್ಟು ಅಂಗಾಲಿನ ಚರ್ಮಾನೇ ಸುಲಿದು ಬಂದವರನ್ನ ನಾ ವಾರ್ಡಿನ್ಯಾಗ ನೋಡೇನಿ. ಎಣ್ಣಿ, ಹಳದಿ ಸೈತ ತೆರೆದ ಗಾಯಕ್ಕ ಬ್ಯಾಡ.

ಅಕ್ಕಾರ, ಅಪ್ಪಾರ ಪಾದದ ನಾಡಿ ನೋಡ್ಯಾರೇನು? ಕಾಲಿಗೆ ರಕ್ತ ಎಷ್ಟು ಬರತೈತಿ ಅಂತ ಡಾಪ್ಲರ್ ಮಾಡ್ಸೀರೇನು? ಎಲುಬಿನ ತನಕಾ ಸೋಂಕು ಇಳದೈತೋ ಅಂತ ಎಕ್ಸ್‌ರೇ ಆಗೇತೇನು? ಇವು ಮೊದಲು. ಉಳಿದ ಮಾತು ಆಮ್ಯಾಲೆ.

ಕಾಪು ಕಡಲು (ಥಾಣೆ)

ಸಿಸ್ಟರ್, ಡಾಪ್ಲರ್ ಆಗಿದೆ, ರಕ್ತ ಚೆನ್ನಾಗಿ ಬರ್ತಾ ಇದೆ ಅಂದ್ರು. ಎಕ್ಸ್‌ರೇಯಲ್ಲೂ ಎಲುಬಿಗೆ ಏನೂ ಆಗಿಲ್ಲ. ಅದಕ್ಕೇ ನನಗೆ ಈ ಪ್ರಶ್ನೆ ಬಂದದ್ದು. ರಕ್ತ ಉಂಟು, ಸಕ್ಕರೆಯೂ ಈಗ ಹಿಡಿತದಲ್ಲಿದೆ. ಮತ್ತೆ ಯಾಕೆ?

ಔಂಧ್ ಅಂಗಳ (ಪುಣೆ)

ಅಕ್ಕಾ, ನಾನು ಡಾಕ್ಟರಲ್ಲ. ಪುಣೆಯ ಒಂದು ಲ್ಯಾಬಿನಲ್ಲಿ ಆರು ವರ್ಷ ಮನುಷ್ಯರ ಚರ್ಮಕೋಶಗಳನ್ನು ಬೆಳೆಸುವ ಕೆಲಸ ಮಾಡಿದವಳು. ನಿಮ್ಮ ಪ್ರಶ್ನೆ ನಮ್ಮ ಲ್ಯಾಬಿನ ಪ್ರಶ್ನೆಯೂ ಆಗಿತ್ತು. ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನರ ಅಂದರೆ ಸುದ್ದಿ ಒಯ್ಯುವ ತಂತಿ ಅಂತ ಶಾಲೆಯಲ್ಲಿ ಓದಿದ್ದೇವೆ. ಚರ್ಮದ ಸಣ್ಣ ನರಗಳಿಗೆ ಇನ್ನೊಂದು ಕೆಲಸವೂ ಇದೆ. ಅವು ತಮ್ಮ ತುದಿಯಿಂದ ಚರ್ಮದೊಳಕ್ಕೇ ಕೆಲವು ರಸಗಳನ್ನು ಬಿಡುತ್ತವೆ. ಉಗುರಿನಿಂದ ಮುಂದೋಳಿನ ಮೇಲೆ ಜೋರಾಗಿ ಒಂದು ಗೆರೆ ಎಳೆದುಕೊಳ್ಳಿ. ಗೆರೆ ಕೆಂಪಾಗುತ್ತದೆ, ಕೆಲವರಿಗೆ ಉಬ್ಬುತ್ತದೆ. ಆಮೇಲೆ ಉಗುರು ತಾಕದೇ ಇದ್ದ ಅಕ್ಕಪಕ್ಕದ ಜಾಗವೂ ಕೆಂಪಾಗುತ್ತದೆ. ಬ್ರಿಟನ್ನಿನ ವೈದ್ಯ ಥಾಮಸ್ ಲೂಯಿಸ್ 1927ರಲ್ಲೇ ಇದನ್ನು ವಿವರಿಸಿದ್ದರು. ಸುತ್ತ ಹರಡುವ ಆ ಕೆಂಪು ನರದ ಕೆಲಸ. ನರ ಸತ್ತ ಜಾಗದಲ್ಲಿ ಅದು ಹರಡುವುದಿಲ್ಲ.

ನಿಮ್ಮ ಅಪ್ಪನಿಗೆ ಇದರ ಇನ್ನೊಂದು ರೂಪ ಚೆನ್ನಾಗಿ ಗೊತ್ತಿರುತ್ತದೆ. ಕೇಜಿಗಟ್ಟಲೆ ಹಸಿಮೆಣಸು ಹೆಚ್ಚಿದ ದಿನ ಕೈ ಉರಿದು ಕೆಂಪಾಗುತ್ತದಲ್ಲ? ಮೆಣಸಿನ ಕ್ಯಾಪ್ಸೈಸಿನ್ ನರತುದಿಯ ಒಂದು ಬಾಗಿಲಿಗೆ ಅಂಟಿಕೊಳ್ಳುತ್ತದೆ. ಟಿಆರ್‌ಪಿವಿ1 ಎಂಬ ಆ ಬಾಗಿಲನ್ನು ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಗುರುತಿಸಿತು, 2021ರಲ್ಲಿ ನೊಬೆಲ್ ಬಂತು. ಬಾಗಿಲು ತೆರೆದಾಗ ಮಿದುಳಿಗೆ ಉರಿಯ ಸುದ್ದಿ ಹೋಗುತ್ತದೆ, ಅದೇ ಹೊತ್ತಿಗೆ ತುದಿಯಿಂದ ಸಬ್‌ಸ್ಟೆನ್ಸ್ ಪಿ, ಸಿಜಿಆರ್‌ಪಿ ಎಂಬ ವಸ್ತುಗಳು ಚರ್ಮಕ್ಕೆ ಸುರಿಯುತ್ತವೆ. ಇವೇ ನ್ಯೂರೋಪೆಪ್ಟೈಡುಗಳು, ಅಂದರೆ ನರಗಳು ತಯಾರಿಸುವ ಪುಟ್ಟ ಪ್ರೋಟೀನ್ ತುಣುಕುಗಳು. ಸಬ್‌ಸ್ಟೆನ್ಸ್ ಪಿ ಬರೀ 11 ಅಮೈನೋ ಆಮ್ಲಗಳ ಸರ. 1931ರಲ್ಲಿ ಫಾನ್ ಆಯ್ಲರ್ ಮತ್ತು ಗ್ಯಾಡಮ್ ಕುದುರೆಯ ಮಿದುಳು, ಕರುಳಿನ ಸಾರದಲ್ಲಿ ಅದನ್ನು ಕಂಡಿದ್ದರು. ಸರದಲ್ಲಿ ಯಾವ ಮಣಿಯ ನಂತರ ಯಾವ ಮಣಿ ಎಂದು ಗೊತ್ತಾಗಲು ಮತ್ತೆ ನಲವತ್ತು ವರ್ಷ ಬೇಕಾಯಿತು. ಸಿಜಿಆರ್‌ಪಿಯಲ್ಲಿ 37 ಮಣಿ. ಹಂದಿಯ ಕರುಳಿನಲ್ಲಿ 1970ರಲ್ಲಿ ಸಿಕ್ಕ ವಿಐಪಿ ಎಂಬ ಇನ್ನೊಂದು ನ್ಯೂರೋಪೆಪ್ಟೈಡಿನಲ್ಲಿ 28.

ಈಗ ಚರ್ಮದ ಮಾತು. ನಮ್ಮ ಹೊರಚರ್ಮದಲ್ಲಿ ಒಂದೂ ರಕ್ತನಾಳ ಇಲ್ಲ. ಆದರೆ ನರತುದಿಗಳು ಅಲ್ಲಿಗೂ ಏರಿ ಬಂದು ಕೋಶಗಳ ಸಂದಿಯಲ್ಲಿ ಕೊನೆಯಾಗುತ್ತವೆ. ಅಲ್ಲಿರುವ ಬಹುಪಾಲು ಕೋಶಗಳು ಕೆರಟಿನೋಸೈಟ್‌ಗಳು. ತಳದ ಸಾಲಿನವು ಒಂದು ಎರಡಾಗುತ್ತಾ ಮೇಲಕ್ಕೆ ತಳ್ಳಿಕೊಂಡು ಹೋಗಿ, ತಿಂಗಳೋ ಅದಕ್ಕಿಂತ ಸ್ವಲ್ಪ ಹೆಚ್ಚೋ ಕಾಲದಲ್ಲಿ ಹೊಟ್ಟಿನಂತೆ ಉದುರುತ್ತವೆ. ಈ ಕೋಶಗಳ ಮೈಮೇಲೆ ನ್ಯೂರೋಪೆಪ್ಟೈಡ್ ಬಂದು ಕೂರುವ ಗ್ರಾಹಕಗಳಿವೆ. ಸ್ವೀಡನ್ನಿನ ಒಂದು ತಂಡ 1989ರಲ್ಲಿ, ತಟ್ಟೆಯಲ್ಲಿ ಬೆಳೆಸಿದ ಮನುಷ್ಯರ ಕೆರಟಿನೋಸೈಟ್‌ಗಳಿಗೆ ವಿಐಪಿ ಕೊಟ್ಟು ನೋಡಿತು. ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶಕಣ ಏರಿತು, ಕೋಶಗಳು ಹೆಚ್ಚು ಹೆಚ್ಚಾಗಿ ವಿಭಜನೆಯಾದವು. ಅದಕ್ಕೂ ಮೊದಲು, 1985ರಲ್ಲಿ, ಸಬ್‌ಸ್ಟೆನ್ಸ್ ಪಿ ಒಳಚರ್ಮದ ಫೈಬ್ರೋಬ್ಲಾಸ್ಟ್‌ಗಳಂಥ ಕೋಶಗಳನ್ನು ಬೆಳೆಸುತ್ತದೆ ಎಂದು ಗೊತ್ತಾಗಿತ್ತು. ಗಾಯದ ಗುಂಡಿ ತುಂಬುವುದು ಆ ಕೋಶಗಳಿಂದ. ಸಿಜಿಆರ್‌ಪಿ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಅದೂ ತುಂಬಾ ಹೊತ್ತು.

ಅಂದರೆ ಗಾಯವಾದ ಕ್ಷಣದಲ್ಲಿ ನರ ಮಿದುಳಿಗೆ ಕೂಗು ಹಾಕುತ್ತದೆ, ಪಕ್ಕದ ಕೋಶಗಳಿಗೆ "ಏಳಿ" ಅನ್ನುತ್ತದೆ. ಎರಡೂ ಒಂದೇ ತುದಿಯಿಂದ. ನಿಮ್ಮ ಅಪ್ಪನ ಪಾದದಲ್ಲಿ ಆ ತುದಿಗಳೇ ಹಿಂದೆ ಸರಿದಿವೆ. ಹಾಗಾಗಿ ನೋವಿನ ಸುದ್ದಿಯ ಜೊತೆ ಆ ಕರೆಯೂ ನಿಂತಿದೆ. ಸಾಲದ್ದಕ್ಕೆ, ಸಬ್‌ಸ್ಟೆನ್ಸ್ ಪಿಯನ್ನು ಕತ್ತರಿಸಿ ಹಾಕುವ ನೆಪ್ರಿಲೈಸಿನ್ ಎಂಬ ಕಿಣ್ವ ಸಕ್ಕರೆ ಕಾಯಿಲೆಯವರ ಗಾಯದ ಚರ್ಮದಲ್ಲಿ ಹೆಚ್ಚಿರುತ್ತದೆ. ಹುಟ್ಟುವುದು ಕಡಿಮೆ, ಉಳಿಯುವುದು ಇನ್ನೂ ಕಡಿಮೆ.

ಜೆಲ್ ವಿಷಯ ನಾಳೆ ಬರೆಯುತ್ತೇನೆ. ಅದರ ಹಿಂದೆ ನನಗೆ ತುಂಬಾ ಇಷ್ಟವಾದ ಕಥೆ ಇದೆ.

ಸಾಯನ್ ಹಾಸ್ಟೆಲ್

ಮೇಡಂ, ನಾನು ಎರಡನೇ ವರ್ಷದ ಫಿಸಿಯೋಥೆರಪಿ ವಿದ್ಯಾರ್ಥಿ. ಲ್ಯಾಬಿನಲ್ಲಿ ಇದನ್ನು ನೀವು ಕಣ್ಣಾರೆ ನೋಡಿದ್ದೀರಾ? ಕೋಶ ಬೆಳೆಯಿತು ಅಂತ ಹೇಗೆ ಗೊತ್ತಾಗುತ್ತದೆ?

ಔಂಧ್ ಅಂಗಳ (ಪುಣೆ)

ನಾವು ಹೆಚ್ಚಾಗಿ ಬಳಸಿದ್ದು ಹ್ಯಾಕ್ಯಾಟ್ ಎಂಬ ಕೆರಟಿನೋಸೈಟ್ ಕೋಶಸಂತತಿ. ಇಲ್ಲಿನ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ತಂದದ್ದು. ಅದರ ಮೂಲ 62 ವರ್ಷದ ಒಬ್ಬ ಗಂಡಸಿನ ಚರ್ಮ. ಹೈಡೆಲ್‌ಬರ್ಗಿನಲ್ಲಿ ತಾನಾಗಿಯೇ ಸಾವಿಲ್ಲದ ಸಂತತಿಯಾಗಿ ನಿಂತದ್ದನ್ನು 1988ರಲ್ಲಿ ಪ್ರಕಟಿಸಿದರು.

ಪೆಪ್ಟೈಡ್ ಬರುವುದು ಒಂದು ಮಿಲಿಗ್ರಾಂ ಶೀಶೆಯಲ್ಲಿ. ಎತ್ತಿ ನೋಡಿದರೆ ಖಾಲಿ ಅನ್ನಿಸುತ್ತದೆ, ಗಾಜಿನ ಗೋಡೆಗೆ ಮಂಜಿನಂಥ ಬಿಳಿ ಪೊರೆ ಅಷ್ಟೆ. ಮುಚ್ಚಳ ತೆಗೆಯುವ ಮೊದಲು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಳಕ್ಕೆ ಇಳಿಸಬೇಕು. ಕರಗಿಸಿದ ಮೇಲೆ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 20ರಲ್ಲಿ ಇಡಬೇಕು. ಸಬ್‌ಸ್ಟೆನ್ಸ್ ಪಿ ಸರದ ಕೊನೆಯ ಮಣಿ ಮೆಥಿಯೋನಿನ್, ಗಾಳಿ ತಾಗಿದರೆ ಕೆಡುತ್ತದೆ. ತೀರಾ ತೆಳು ಮಾಡಿದರೆ ಪೆಪ್ಟೈಡ್ ಪ್ಲಾಸ್ಟಿಕ್ಕಿಗೇ ಅಂಟಿ ಕೋಶಕ್ಕೆ ತಲುಪುವುದೇ ಇಲ್ಲ, ಅದಕ್ಕೆ ಸ್ವಲ್ಪ ಆಲ್ಬುಮಿನ್ ಎಂಬ ಪ್ರೋಟೀನ್ ಬೆರೆಸುತ್ತೇವೆ.

96 ಗುಳಿಗಳ ತಟ್ಟೆಯಲ್ಲಿ ಕೋಶ ಬಿತ್ತಿ, ಪೆಪ್ಟೈಡ್ ಕೊಟ್ಟು, ಕೊನೆಗೆ ಎಂಟಿಟಿ ಎಂಬ ಹಳದಿ ದ್ರಾವಣ ಹಾಕುತ್ತೇವೆ. ಬದುಕಿರುವ ಕೋಶ ಅದನ್ನು ನೇರಳೆ ಹರಳು ಮಾಡುತ್ತದೆ. ಗುಳಿ ಎಷ್ಟು ನೇರಳೆಯೋ ಕೋಶ ಅಷ್ಟು ಚುರುಕು ಅಂತ ಲೆಕ್ಕ. ಆದರೆ ಇದು ಕೋಶದ ಉಸಿರನ್ನು ಅಳೆಯುತ್ತದೆ, ಎಣಿಕೆಯನ್ನಲ್ಲ. ವಿಭಜನೆಯಾಯಿತೇ ಎಂದು ತಿಳಿಯಲು ಹೊಸ ಡಿಎನ್‌ಎಗೆ ಸೇರುವ ಗುರುತು ಹಾಕಿ ನೋಡಬೇಕು, ಅಥವಾ ಕೂತು ಎಣಿಸಬೇಕು. ನಾನು ಎಣಿಸಿದ್ದೇನೆ.

ಮೊದಲ ಕೆಲವು ತಿಂಗಳು ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ನಾವು ಕೋಶಗಳಿಗೆ ಕೊಡುತ್ತಿದ್ದ ಕರುವಿನ ರಕ್ತದ ತಿಳಿಯಾದ ಸೀರಮ್‌ನಲ್ಲೇ ಬೆಳವಣಿಗೆಯ ಅಂಶಗಳು ತುಂಬಿರುತ್ತವೆ. ಹೊಟ್ಟೆ ತುಂಬಿದವರಿಗೆ ಚಿಟಿಕೆ ಉಪ್ಪು ಕೊಟ್ಟರೆ ತಿಳಿಯುತ್ತದೆಯೇ? ಸೀರಮ್ ತೆಗೆದು ಕೋಶಗಳನ್ನು ಒಂದು ದಿನ ಉಪವಾಸ ಇಟ್ಟ ಮೇಲೆ ವಿಐಪಿ ಹಾಕಿದ ಸಾಲು ಪಕ್ಕದ ಸಾಲಿಗಿಂತ ಗಾಢವಾಯಿತು. ಕ್ಯಾಲ್ಸಿಯಂ ಕೂಡ ಹಾಗೆಯೇ. ಅದು ಕಡಿಮೆ ಇದ್ದಾಗ ಕೋಶ ವಿಭಜನೆಯಾಗುತ್ತಾ ಹೋಗುತ್ತದೆ. ಹೆಚ್ಚಿದರೆ ಬಲಿತು, ಚಪ್ಪಟೆಯಾಗಿ, ವಿಭಜನೆ ಬಿಡುತ್ತದೆ. ಆಗ ಯಾವ ಪೆಪ್ಟೈಡ್ ಹಾಕಿದರೂ ಎಬ್ಬಿಸುವುದು ಕಷ್ಟ. ಯಾವ ಸ್ಥಿತಿಯ ಕೋಶಕ್ಕೆ ಹೇಳುತ್ತಿದ್ದೇವೆ ಎನ್ನುವುದರ ಮೇಲೆ ಮಾತಿನ ಅರ್ಥವೇ ಬದಲಾಗುತ್ತದೆ. ನಾನು ಆರು ವರ್ಷದಲ್ಲಿ ಕಲಿತದ್ದರಲ್ಲಿ ಇದು ದೊಡ್ಡದು.

ಡೊಂಬಿವಲಿ ಟೀಚರ್

ನನ್ನದು ತದ್ವಿರುದ್ಧ ಕಥೆ. 22 ವರ್ಷದಿಂದ ಸೋರಿಯಾಸಿಸ್. ಮೊಣಕೈ, ಮೊಣಕಾಲಿನ ಮೇಲೆ ಚರ್ಮ ಬೆಳೆದೂ ಬೆಳೆದೂ ಬೆಳ್ಳಿಯ ಹಾಗೆ ಎದ್ದು ಉದುರುತ್ತದೆ. ಕೆರೆದುಕೊಂಡಲ್ಲೆಲ್ಲ ಹೊಸದು ಹುಟ್ಟುತ್ತದೆ. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ತಿಂಗಳಲ್ಲಿ ಜಾಸ್ತಿ. ನನ್ನಲ್ಲಿ ಆ ಪೆಪ್ಟೈಡ್ ಅತಿಯಾಗಿದೆ ಎಂದು ಅರ್ಥವೇ?

ಔಂಧ್ ಅಂಗಳ (ಪುಣೆ)

ಟೀಚರ್, ಸೋರಿಯಾಸಿಸ್‌ನ ಮೂಲ ರೋಗನಿರೋಧಕ ವ್ಯವಸ್ಥೆಯಲ್ಲಿದೆ, ಪೂರ್ತಿ ನರದ ಮೇಲೆ ಹೊರಿಸಲಾಗದು. ಆದರೆ ನರಕ್ಕೆ ಅದರಲ್ಲಿ ಕೈ ಇದೆ. ತಿಂಗಳು ಹಿಡಿಯುವ ಕೋಶದ ಪ್ರಯಾಣ ಅಲ್ಲಿ ವಾರದೊಳಗೆ ಮುಗಿಯುತ್ತದೆ. ಅಪಘಾತದಲ್ಲೋ ಶಸ್ತ್ರಚಿಕಿತ್ಸೆಯಲ್ಲೋ ಒಂದು ಜಾಗದ ನರ ತುಂಡಾದ ಕೆಲವು ರೋಗಿಗಳಲ್ಲಿ, ಬರೀ ಆ ಜಾಗದ ಸೋರಿಯಾಸಿಸ್ ಮಾಯವಾಗಿದ್ದನ್ನು, ಸ್ಪರ್ಶ ಮರಳಿದಾಗ ಅದೂ ಮರಳಿದ್ದನ್ನು ವೈದ್ಯರು ದಾಖಲಿಸಿದ್ದಾರೆ. ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತ್ತು. ಕೆರೆದಲ್ಲಿ ಹೊಸ ಕಲೆ ಏಳುವುದನ್ನು ಕೋಬ್ನರ್ ಎಂಬ ವೈದ್ಯರು 19ನೇ ಶತಮಾನದಲ್ಲೇ ಬರೆದಿದ್ದರು. ಕೆರೆದಾಗ ನರತುದಿಯಿಂದ ಪೆಪ್ಟೈಡ್ ಸುರಿಯುತ್ತದೆ, ಪಕ್ಕದ ಮಾಸ್ಟ್ ಎಂಬ ರೋಗನಿರೋಧಕ ಕೋಶಗಳು ತುರಿಕೆ ಎಬ್ಬಿಸುವ ಹಿಸ್ಟಮಿನ್ ಬಿಡುತ್ತವೆ, ಮತ್ತೆ ತುರಿಕೆ. ದಯವಿಟ್ಟು ಕೆರೆಯಬೇಡಿ, ತೇವ ಹಿಡಿಯುವ ಮುಲಾಮು ದಪ್ಪಗೆ ಹಚ್ಚಿ, ಒದ್ದೆ ಬಟ್ಟೆ ಒತ್ತಿ.

ಸಾಯನ್ ಹಾಸ್ಟೆಲ್

ಹಾಗಾದರೆ ಸಬ್‌ಸ್ಟೆನ್ಸ್ ಪಿಯನ್ನೇ ಜೆಲ್ ಮಾಡಿ ಗಾಯಕ್ಕೆ ಹಾಕಬಹುದಲ್ಲ? ಪೆಪ್ಟೈಡ್ ಕ್ರೀಮ್ ಅಂತ ಎಷ್ಟೊಂದು ಮಾರುತ್ತಾರೆ.

ಔಂಧ್ ಅಂಗಳ (ಪುಣೆ)

ಸಕ್ಕರೆ ಕಾಯಿಲೆಯ ಇಲಿಗಳ ಗಾಯಕ್ಕೆ ಹಾಕಿದಾಗ ಬೇಗ ಮುಚ್ಚಿದೆ. ಮನುಷ್ಯರಲ್ಲಿ ಕಷ್ಟ. ಅದೇ ವಸ್ತು ಉರಿಯೂತವನ್ನೂ ತುರಿಕೆಯನ್ನೂ ಎಬ್ಬಿಸುತ್ತದೆ, ಮತ್ತು ಕಿಣ್ವ ಅದನ್ನು ಬೇಗನೆ ತುಂಡರಿಸುತ್ತದೆ. ಮುಖಕ್ಕೆ ಹಚ್ಚುವ ಕ್ರೀಮಿನ ಮಾತೇ ಬೇರೆ. ಗಟ್ಟಿ ಚರ್ಮದ ಮೇಲ್ಪದರ ಅಣುತೂಕದ ಅಳತೆಯಲ್ಲಿ ಸುಮಾರು 500 ಡಾಲ್ಟನ್‌ಗಿಂತ ದೊಡ್ಡ ಅಣುವನ್ನು ಒಳಗೆ ಬಿಡುವುದು ತೀರಾ ಕಷ್ಟ. ಸಬ್‌ಸ್ಟೆನ್ಸ್ ಪಿ ಸುಮಾರು 1350, ವಿಐಪಿ 3300ರ ಆಚೆ.

ತೆರೆದ ಗಾಯಕ್ಕೆ ಆ ಮೇಲ್ಪದರವೇ ಇಲ್ಲ. ಅದಕ್ಕೇ ಅಕ್ಕನ ಅಪ್ಪನಿಗೆ ಕೊಟ್ಟ ಈಜಿಎಫ್ ಜೆಲ್ ಒಳಗೆ ಇಳಿಯಬಲ್ಲದು. ಅದು ನರದ ಪೆಪ್ಟೈಡ್ ಅಲ್ಲ, ಆದರೆ ನರದ ಹುಡುಕಾಟದಲ್ಲೇ ಸಿಕ್ಕಿದ್ದು. ರೀಟಾ ಲೆವಿ-ಮೊಂಟಾಲ್ಚಿನಿ ನರಗಳನ್ನು ಬೆಳೆಸುವ ಎನ್‌ಜಿಎಫ್ ಎಂಬ ಅಂಶವನ್ನು ಕಂಡಿದ್ದರು. ಅದನ್ನು ಶುದ್ಧೀಕರಿಸಲು ಸ್ಟಾನ್ಲಿ ಕೋಹೆನ್ ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಹಸುಗೂಸು ಇಲಿಗಳಿಗೆ ಚುಚ್ಚುತ್ತಿದ್ದರು. ಮರಿಗಳು ದಿನ ತುಂಬುವ ಮೊದಲೇ ಕಣ್ಣು ತೆರೆದವು. ನರದ ಅಂಶದಿಂದ ಹಾಗಾಗಲು ಕಾರಣವಿಲ್ಲವಲ್ಲ ಎಂದು ಬೆನ್ನು ಹತ್ತಿದರು. ಅದೇ ಸಾರದಲ್ಲಿ ಹೊರಚರ್ಮವನ್ನು ಬೆಳೆಸುವ ಇನ್ನೊಂದು ವಸ್ತು ಇತ್ತು. ಅದೇ ಈಜಿಎಫ್. 1986ರ ನೊಬೆಲ್ ಇಬ್ಬರಿಗೂ ಸೇರಿ ಬಂತು. ಆ ಎನ್‌ಜಿಎಫ್ ಅನ್ನು ನಮ್ಮ ಕೆರಟಿನೋಸೈಟ್‌ಗಳೇ ತಯಾರಿಸಿ ನರತುದಿಗಳಿಗೆ ಉಣಿಸುತ್ತವೆ. ನರ ಚರ್ಮವನ್ನು ಸಾಕುತ್ತದೆ, ಚರ್ಮ ನರವನ್ನು ಸಾಕುತ್ತದೆ.

ವಡಾಲಾ ಹಿರಿಯ

ಎಲ್ಲವನ್ನೂ ಓದಿದೆ, ತುಂಬಾ ತಿಳಿಯಿತು. ಆದರೂ ಒಂದು ಕಡೆ ನನಗೆ ಒಪ್ಪಿಗೆಯಿಲ್ಲ. ನಾನು ಮೂವತ್ತು ವರ್ಷ ಕುಷ್ಠ ರೋಗಿಗಳ ಕಾಲಿಗೆ ಡ್ರೆಸ್ಸಿಂಗ್ ಮಾಡಿದವನು. ನಮ್ಮ ವಡಾಲದಲ್ಲಿ 1890ರಿಂದ ಆಕ್ವರ್ತ್ ಆಸ್ಪತ್ರೆ ಇದೆ, ಈ ಭಾಗದವರಿಗೆ ಕುಷ್ಠ ಹೊಸ ವಿಷಯವಲ್ಲ. ಆ ರೋಗಾಣು ನರವನ್ನೇ ತಿನ್ನುತ್ತದೆ. ಪಾದದಲ್ಲಿ ಎಳ್ಳಷ್ಟೂ ಸ್ಪರ್ಶವಿಲ್ಲದ ನೂರಾರು ಜನರನ್ನು ಕಂಡಿದ್ದೇನೆ. ಅವರ ಗಾಯಗಳು ಮಾಯಲಿಲ್ಲವೇ? ಮಾಯಿದವು. ವೆಲ್ಲೂರಿನಲ್ಲಿ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ 1940ರ ದಶಕದಿಂದ ತೋರಿಸಿಕೊಟ್ಟದ್ದು ಇದನ್ನೇ. ಪಾದಕ್ಕೆ ಪ್ಲಾಸ್ಟರ್ ಹಾಕಿ ಭಾರ ಹಂಚಿದರೆ, ಗಾಯಕ್ಕೆ ಬೇರೇನೂ ಹಚ್ಚದಿದ್ದರೂ ಅದು ಮುಚ್ಚುತ್ತದೆ. ನೋವಿಲ್ಲದ ಮನುಷ್ಯ ಅದೇ ಜಾಗದ ಮೇಲೆ ಹೆಜ್ಜೆ ಹೆಜ್ಜೆಗೂ ತುಳಿಯುತ್ತಾನೆ. ನೋವಿರುವವನು ಕುಂಟುತ್ತಾನೆ, ಕುಂಟುವುದೇ ಅವನ ಮದ್ದು. ಈ ತಂಗಿ ಅಪ್ಪನಿಗೆ ಜೆಲ್ ಹಚ್ಚಿ, ಅಪ್ಪ ಅದೇ ಕಾಲಲ್ಲಿ ಮಾರ್ಕೆಟ್ಟಿಗೆ ನಡೆದು ಹೋದರೆ ಏನು ಪ್ರಯೋಜನ?

ಔಂಧ್ ಅಂಗಳ (ಪುಣೆ)

ಹಿರಿಯರೇ, ನೀವು ಹೇಳಿದ್ದು ಸರಿ, ನಾನು ಮೊದಲೇ ಹೇಳಬೇಕಿತ್ತು. ತಟ್ಟೆಯಲ್ಲಿ ಕೋಶ ನೋಡುವವರಿಗೆ ಅದರ ಮೇಲೆ ನಿಲ್ಲುವ ಮನುಷ್ಯನ ತೂಕ ಕಾಣುವುದಿಲ್ಲ. ನರವಿಲ್ಲದೆಯೂ ಚರ್ಮ ಬೆಳೆಯುತ್ತದೆ; ನ್ಯೂರೋಪೆಪ್ಟೈಡ್ ಕೋಶಗಳನ್ನು ಎಬ್ಬಿಸಿ ಆ ಕೆಲಸವನ್ನು ಬೇಗ ಮಾಡಿಸುತ್ತದೆ. ನೀವು ಕಂಡ ಕಾಲುಗಳಲ್ಲೂ ಅದು ಇರಲಿಲ್ಲ. 100 ಕುಷ್ಠ ರೋಗಿಗಳ ಚರ್ಮದ ಮೇಲೆ 1989ರಲ್ಲಿ ಬಂದ ಅಧ್ಯಯನವೊಂದು ಬಹುಪಾಲು ಜನರಲ್ಲಿ ಪೆಪ್ಟೈಡ್ ಇರುವ ನರಗಳು ಅಳಿದಿದ್ದನ್ನು ತೋರಿಸಿತ್ತು.

ಒಂದನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ. ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯ ನರ ಸತ್ತರೆ, ಅದರ ಮೇಲ್ಪದರ ತಾನಾಗಿ ಒಡೆದು ಹುಣ್ಣಾಗುತ್ತದೆ. ಅಲ್ಲಿ ಯಾರೂ ತುಳಿಯುವುದಿಲ್ಲ. ಆ ರೋಗಕ್ಕೆ ಎನ್‌ಜಿಎಫ್ ಹನಿಮದ್ದಿಗೇ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಂಗಾಲಿನಲ್ಲಿ ಭಾರವೇ ಮೊದಲ ಶತ್ರು ಎನ್ನುವುದನ್ನು ಒಪ್ಪುತ್ತೇನೆ. ನರದ ಮೌನವೂ ಅದರ ಜೊತೆ ಸೇರಿದೆ ಎನ್ನುವುದನ್ನು ನೀವು ಒಪ್ಪಬೇಕು.

ವಡಾಲಾ ಹಿರಿಯ

ಒಪ್ಪಿದೆ ತಾಯಿ. ಕಣ್ಣಿನ ಮಾತು ನನಗೆ ಹೊಳೆದಿರಲಿಲ್ಲ.

ಮಡಗಾಂವ್ ಸಿಸ್ಟರ್ (ಗೋವಾ)

ಅಕ್ಕಾರ, ಹಿರಿಯರು ಹೇಳಿದ ಪ್ಲಾಸ್ಟರ್ ಈಗೂ ಹಾಕ್ತಾರ. ರಕ್ತ ಚಲೋ ಬರತೈತಿ, ಸೋಂಕು ಇಲ್ಲ ಅಂದ್ರ ನಿಮ್ಮ ಡಾಕ್ಟರಿಗೆ ಕೇಳ್ರಿ. ಗೊತ್ತಿದ್ದವರ ಕಡೆನೇ ಹಾಕಿಸ್ರಿ. ಮನಿಯೊಳಗ ಸೈತ ಬರಿಗಾಲಿನ್ಯಾಗ ಅಡ್ಡಾಡಕ ಬಿಡಬ್ಯಾಡ್ರಿ.

ಕಾಪು ಕಡಲು (ಥಾಣೆ)

ಐದು ವಾರದ ನಂತರ ಬರೀತಾ ಇದ್ದೇನೆ. ಡಾಕ್ಟರು ಪ್ಲಾಸ್ಟರಿಗೆ ಕೂಡಲೇ ಒಪ್ಪಿದ್ರು. ವಾರಕ್ಕೊಮ್ಮೆ ಬಿಚ್ಚಿ, ಗಾಯದ ಮೇಲೆ ಪಾರದರ್ಶಕ ಹಾಳೆ ಇಟ್ಟು ಪೆನ್ನಿನಲ್ಲಿ ಅಂಚು ಬರೆದುಕೊಂಡು ಮತ್ತೆ ಹಾಕ್ತಾರೆ. ಐದು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಮೊದಲನೆಯದು ಐದು ರೂಪಾಯಿ ನಾಣ್ಯದಷ್ಟು, ಇವತ್ತಿನದು ತೊಗರಿಕಾಳಿಗಿಂತ ಸ್ವಲ್ಪ ದೊಡ್ಡದು. ಅಂಚಿನಿಂದ ಗುಲಾಬಿ ಬಣ್ಣದ ತೆಳು ಚರ್ಮ ಒಳಗೆ ಬರ್ತಾ ಉಂಟು. ಅದು ಕೆರಟಿನೋಸೈಟ್ ಅಂತ ಅಪ್ಪನಿಗೆ ಹೇಳಿದೆ. ಹೆಸರು ಬಾಯಿಗೆ ಬರಲಿಲ್ಲ, "ಆ ಮಕ್ಕಳು" ಅಂತಾರೆ.

ನಿನ್ನೆ ರಾತ್ರಿ ಅಪ್ಪ ಪ್ಲಾಸ್ಟರಿನೊಳಗೆ ತುರಿಸ್ತದೆ ಅಂದ್ರು. ಎಷ್ಟೋ ವರ್ಷದ ನಂತರ ಆ ಕಾಲಿನ ಬಗ್ಗೆ ಏನಾದರೂ ಅಂದದ್ದು. ನರ ವಾಪಸ್ ಬಂತಾ ತಂಗಿ?

ಔಂಧ್ ಅಂಗಳ (ಪುಣೆ)

ಎಲ್ಲಿ ತುರಿಸುತ್ತದೆ ಅಕ್ಕಾ? ಬೆರಳಿನ ಬಳಿಯೋ, ಮೇಲೆ ಮೀನಖಂಡದ ಬಳಿಯೋ?

ಕಾಪು ಕಡಲು (ಥಾಣೆ)

ಮೀನಖಂಡದ ಹತ್ತಿರ, ಪ್ಲಾಸ್ಟರಿನ ಮೇಲಿನ ಅಂಚಿನಲ್ಲಿ.

ಔಂಧ್ ಅಂಗಳ (ಪುಣೆ)

ಹಾಗಿದ್ದರೆ ಅದು ಹೊಸ ನರವಲ್ಲ. ಸಕ್ಕರೆ ಕಾಯಿಲೆಯಲ್ಲಿ ಅರಿವು ಬೆರಳಿನಿಂದ ಶುರುವಾಗಿ, ಕಾಲುಚೀಲ ತೊಟ್ಟ ಹಾಗೆ ಮೇಲಕ್ಕೆ ಹೋಗುತ್ತಾ ಅಳಿಯುತ್ತದೆ. ಮೀನಖಂಡದಲ್ಲಿ ಇನ್ನೂ ಜೀವವಿದೆ, ಅಲ್ಲಿನ ನರ ತನ್ನ ಕೆಲಸ ಮಾಡುತ್ತಿದೆ. ಒಳಗೆ ಕಡ್ಡಿ, ಸ್ಕೇಲು ಏನನ್ನೂ ತೂರಿಸಲು ಬಿಡಬೇಡಿ. ಅಂಚು ಉಜ್ಜುತ್ತಿದೆಯೇ ಎಂದು ನಾಳೆಯೇ ತೋರಿಸಿ, ವಾರದ ಪ್ಲಾಸ್ಟರ್ ಬಿಚ್ಚುವ ದಿನದ ತನಕ ಕಾಯಬೇಡಿ.

ಕಾಪು ಕಡಲು (ಥಾಣೆ)

ಬೆಳಿಗ್ಗೆ ಹೋಗಿ ಬಂದೆವು. ಅಂಚು ಚರ್ಮಕ್ಕೆ ತಾಗಿ ಕೆಂಪಾಗಿತ್ತು, ಕತ್ತರಿಸಿ ಹತ್ತಿ ಇಟ್ಟರು. ಅಪ್ಪ ಹೇಳಿದ್ದರಿಂದ ಗೊತ್ತಾಯ್ತು.